ಇಳಕಲ್ ಸೀರೆಯ ಬಗ್ಗೆ ಯಂತ್ರಕ್ಕೆ ನಾನು ಕಲಿಸಿದ ತಪ್ಪು

ನಾನು ನಿವೃತ್ತಳಾದ ದಿನ ಕಂಪನಿಯಿಂದ ಫೋನಿಗೆ ಒಂದು ಪತ್ರ ಬಂತು. ‘ನಿಮ್ಮ ನಗುಮೊಗ ಸಾವಿರಾರು ನೇಕಾರರ ಬದುಕನ್ನು ಬೆಳಗಿದೆ’ ಎಂದು ಅದರಲ್ಲಿತ್ತು. ನನ್ನನ್ನು ಬಲ್ಲವರು ಯಾರೂ ನನ್ನನ್ನು ನಗುಮೊಗದವಳು ಎನ್ನುವುದಿಲ್ಲ. ಅದೇ ವಾರ ಹುಬ್ಬಳ್ಳಿ ಗೋದಾಮಿನಿಂದ ನಿವೃತ್ತನಾದ ಕಾವಲುಗಾರನಿಗೂ ಅದೇ ಪತ್ರ ಹೋಗಿತ್ತು. ನೇಕಾರರು ಎಂಬಲ್ಲಿ ಗ್ರಾಹಕರು ಎಂದಿತ್ತು, ನಗುಮೊಗ ಹಾಗೇ ಇತ್ತು. ಬರೆದದ್ದು ಯಂತ್ರ. ಕಳಿಸುವ ಮೊದಲು ಯಾರೂ ಅದನ್ನು ಓದಿ ನೋಡಿರಲಿಲ್ಲ.

ಹನ್ನೊಂದು ವರ್ಷ ದುಡಿದವಳ ಬಗ್ಗೆ ಎರಡು ಸಾಲು ಬರೆಯಲು ಒಬ್ಬ ಮನುಷ್ಯನ ಐದು ನಿಮಿಷ ಸಿಗದ ಕಂಪನಿಗೆ ಈಗ ನೀವು ಸೇರುತ್ತಿದ್ದೀರಿ. ವಿದ್ಯಾಗಿರಿಯ ಕಾಲೇಜುಗಳಿಂದ ಹೊರಬಿದ್ದ ಎಷ್ಟೋ ಮಕ್ಕಳು ಕೊರಳಿಗೆ ಕಂಪನಿಯ ಗುರುತಿನ ಚೀಟಿಯ ನೀಲಿ ಪಟ್ಟಿ ಹಾಕಿಕೊಂಡು ಬಾಗಲಕೋಟೆಯ ತುಂಬ ಓಡಾಡುವುದನ್ನು ನೋಡುತ್ತೇನೆ. ನಿಮ್ಮ ತರಬೇತಿಯಲ್ಲಿ ಯಾರೂ ಹೇಳದ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ. ನಾನು ಮಾಡಿದ್ದನ್ನೂ ಮುಚ್ಚಿಟ್ಟಿಲ್ಲ. ಓದುವಾಗ ನನ್ನ ಸಿಟ್ಟು ಕಂಡರೆ ಮುದುಕಿಯ ಗೊಣಗಾಟ ಎಂದು ಪಕ್ಕಕ್ಕಿಡಬೇಡಿ. ಸಿಟ್ಟಿಗೆ ಕಾರಣವಿದೆ.

ಕಂಪನಿಗೆ ಸೇರುವ ಮೊದಲು ಇಳಕಲ್‌ನ ಒಂದು ನೇಕಾರರ ಸಂಘದಲ್ಲಿ ಹದಿನೆಂಟು ವರ್ಷ ಸೀರೆ ತಪಾಸಣೆ ಮಾಡುತ್ತಿದ್ದೆ. ನೇಯ್ದು ತಂದ ಸೀರೆಯನ್ನು ಮೇಜಿನ ಮೇಲೆ ಹರಡಿ, ಎಳೆ ತಪ್ಪಿದೆಯೇ, ಬಣ್ಣ ಬಿಡುತ್ತದೆಯೇ, ಅಂಚಿನ ದಡಿ ಸೊಟ್ಟಗಾಗಿದೆಯೇ ಎಂದು ನೋಡಿ ದರ್ಜೆ ಹಾಕುವ ಕೆಲಸ. ಅಲ್ಲಿನ ಹಿರಿಯರು ಹಣಮಂತರಾಯರು ಮೊದಲ ದಿನವೇ ನನ್ನ ಕಣ್ಣು ಮುಚ್ಚಿಸಿದರು.

‘ಬಟ್ಟಿ ಮ್ಯಾಲೆ ಬೆರಳ ಆಡಸು ಸುಮಿತ್ರಾ. ಎಲ್ಲಿ ಗರಗರ ಅಂತೈತಿ ಅಲ್ಲಿ ನಿಲ್ಲು.’

ಒಡಲು ಮುಗಿದು ಸೆರಗು ಶುರುವಾಗುವ ಕಡೆ ನನ್ನ ಬೆರಳು ನಿಂತಿತು. ರವೆಯ ಕಾಳಿನಷ್ಟು ಸಣ್ಣ ಗಂಟುಗಳ ಒಂದು ಸಾಲು. ಅದಕ್ಕೆ ಕೊಂಡಿ ಎನ್ನುತ್ತಾರೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹೂಡಿದ ಎಳೆಗಳು, ಬೇರೆ; ಸೆರಗಿನ ರೇಷ್ಮೆಯ ಹಾಸು ಬೇರೆ. ಆ ಎರಡನ್ನೂ ಒಂದೊಂದೇ ಎಳೆ ಹಿಡಿದು ಕೈಯಿಂದ ಕೊಂಡಿ ಹಾಕಿ ಕೂಡಿಸುತ್ತಾರೆ.

‘ಇದು ಇದ್ರ ಇಳಕಲ್. ಇದು ಇಲ್ಲಂದ್ರ ಬರೇ ಕೆಂಪ ಸೆರಗಿನ ಸೀರಿ’ ಎಂದರು ರಾಯರು.

ಆ ಪಾಠವನ್ನು ನಾನು ಮರೆತಿರಲಿಲ್ಲ. ಮರೆಯದೆಯೂ ತಪ್ಪು ಮಾಡಿದೆ. ಅದನ್ನೇ ಹೇಳಲು ಹೊರಟಿದ್ದೇನೆ.

ಸಂಘ ಬಾಗಿಲು ಹಾಕಿದ ವರ್ಷವೇ ಈ ಕಂಪನಿ ನಮ್ಮ ಜಿಲ್ಲೆಗೆ ಬಂತು. ಇದು ಫೋನಿನಲ್ಲಿ ನಡೆಯುವ ಅಂಗಡಿ. ಅವರ ಬಳಿ ಸ್ವಂತ ಸರಕು ಒಂದೂ ಇರಲಿಲ್ಲ. ಮಾರುವವರನ್ನೂ ಕೊಳ್ಳುವವರನ್ನೂ ಒಂದೇ ಕಡೆ ಸೇರಿಸುವುದಷ್ಟೇ ನಮ್ಮ ವ್ಯಾಪಾರ ಎಂದು ಹೇಳಿಕೊಂಡರು. ಸೀರೆ ಗೊತ್ತಿದ್ದವರು ಬೇಕಾಗಿದ್ದರು, ನನ್ನನ್ನು ಕರೆದರು. ವಿದ್ಯಾಗಿರಿಯಲ್ಲಿ ಒಂದು ಝೆರಾಕ್ಸ್ ಅಂಗಡಿಯ ಮೇಲಿನ ಎರಡು ಕೋಣೆ ನಮ್ಮ ಕಚೇರಿ. ನನ್ನ ಮೇಲಧಿಕಾರಿ ವಿನಯ್ ಎಂಬ ಮೈಸೂರು ಕಡೆಯ ಹುಡುಗ, ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ಜೋರು ಮಾತಾಡದವನು. ಕೆಟ್ಟವನಲ್ಲ ಎಂದೇ ಇಂದಿಗೂ ಅನ್ನುತ್ತೇನೆ. ಆದರೆ ಮೇಲಿನವರು ಏನು ಹೇಳಿದರೂ ‘ಸರಿ’ ಎನ್ನುವ ಒಳ್ಳೆಯವನಿಂದ ಎಷ್ಟು ಹಾನಿಯಾಗುತ್ತದೆ ಎಂಬುದನ್ನು ಅವನ ಕೈಕೆಳಗೆ ಕಲಿತೆ.

ಆಗ ಕೆಲಸ ಹೀಗಿತ್ತು. ನೇಕಾರರ ಮನೆಗೆ ಹೋಗುವುದು, ಸೀರೆ ಮುಟ್ಟಿ ನೋಡುವುದು, ಫೋಟೋ ತೆಗೆಯುವುದು, ಕೆಳಗೆ ನಾಲ್ಕು ಸಾಲು ಬರೆಯುವುದು. ಇಳಕಲ್‌ನ ನೀಲವ್ವನ ಮನೆಗೆ ನಾನು ಮೊದಲು ಹೋದದ್ದು ಹಾಗೆ. ಗಂಡನಿಗೆ ಮೊಣಕಾಲು ಹಿಡಿದ ಮೇಲೆ ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗಕ್ಕೆ ಅವಳೇ ಇಳಿದಿದ್ದಳು. ಮಾತು ಖಡಕ್ಕು.

‘ಫೋನಿನ್ಯಾಗ ಸೀರಿ ಮಾರ್ತೀರಿ? ಮುಟ್ಟಲಾರದ ಯಾರ ತಗೋತಾರ್ರಿ ಬಾಯಾರ?’

‘ನಾ ಮುಟ್ಟಿ ನೋಡಿ ಬರೀತೇನಿ. ಅದನ್ನ ಓದಿ ತಗೋತಾರ.’

‘ಹಂಗಾರ ಎಲ್ಲಾ ನಿಮ್ಮ ಕೈ ಮ್ಯಾಲೆ ನಂಬಿಗಿ ಅಂತೀರಿ.’

‘ಹೂಂ ಅಂತೇನಿ.’

ಅವಳು ನನ್ನ ಮುಖವನ್ನು ತುಸು ಹೊತ್ತು ನೋಡಿ ಪೆಟ್ಟಿಗೆ ತೆರೆದಳು. ಟೋಪ್ ತೆನಿಯ ಕೆಂಪು ಸೆರಗುಗಳು, ಅವುಗಳ ಮೇಲೆ ಜೋಳದ ತೆನೆಯಂತೆ ಬಿಳಿ ಮೊನೆಗಳ ಸಾಲು. ಅಂದು ತೆಗೆದ ಫೋಟೋಗಳು ನಮ್ಮ ಅಂಗಡಿಯ ಮೊದಲ ಪುಟದಲ್ಲಿ ಬಹಳ ಕಾಲ ಇದ್ದವು. ಮುಂದಿನ ಮೂರ್ನಾಲ್ಕು ವರ್ಷ ನೀಲವ್ವನ ಮಗ್ಗ ನಿಲ್ಲಲಿಲ್ಲ. ಪಕ್ಕದ ಮನೆಯವರೂ ನನ್ನನ್ನು ಕೂಗಿ ಕರೆಯತೊಡಗಿದರು. ಆ ವರ್ಷಗಳು ಒಳ್ಳೆಯವು. ಅವನ್ನೂ ಬೈದರೆ ಸುಳ್ಳಾಗುತ್ತದೆ.

ಆಮೇಲೆ ಮನುಷ್ಯರು ಮಾಡುತ್ತಿದ್ದ ಒಂದೊಂದೇ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುತ್ತ ಬಂದರು. ಮೊದಲು ಫೋಟೋ ಪರೀಕ್ಷೆ. ಬಾದಾಮಿ ತಾಲ್ಲೂಕಿನ ಕುಳಗೇರಿ ಕ್ರಾಸ್‌ನಲ್ಲಿ ಮಾಳಪ್ಪ ಎಂಬ ಕಂಬಳಿ ನೇಯುವ ಹಿರಿಯರಿದ್ದರು. ಕುರುಬರ ದೇವರು ಬೀರಪ್ಪನ ಒಕ್ಕಲು. ತಮ್ಮದೇ ಕುರಿಗಳ ಉಣ್ಣೆ, ಬಣ್ಣ ಹಾಕದ ಅಪ್ಪಟ ಕರಿ ಕಂಬಳಿ. ಅದರ ಫೋಟೋ ಹಾಕಿದರೆ ‘ಚಿತ್ರದಲ್ಲಿ ಏನೂ ಕಾಣುತ್ತಿಲ್ಲ, ಬೆಳಕಿನಲ್ಲಿ ತೆಗೆಯಿರಿ’ ಎಂದು ಯಂತ್ರ ತಿರಸ್ಕರಿಸಿತು. ಮಧ್ಯಾಹ್ನದ ಬಿಸಿಲಲ್ಲಿ ಬಂಡೆಯ ಮೇಲೆ ಹಾಸಿ ತೆಗೆದೆ. ಮತ್ತೆ ತಿರಸ್ಕಾರ. ಮೂರನೆಯ ಸಲ ಹೋದಾಗ ಮಾಳಪ್ಪ ಗೋಡೆಗೆ ಒರಗಿ ಕೂತು ಕೇಳಿದರು:

‘ಕರೀ ಕಂಬಳಿ ಕರಗ ಇರದ ಬೆಳ್ಳಗ ಇರ್ತೈತೇನ್ರಿ ಬಾಯಾರ? ನಿಮ್ಮ ಯಂತ್ರಕ್ಕ ಒಂದ ರಾತ್ರಿ ಹೊಚ್ಚಿ ಮಲಗಸ್ರಿ, ಗೊತ್ತಾಗತೈತಿ.’

ನಾನು ನಕ್ಕೆ, ಅವರು ನಗಲಿಲ್ಲ. ಮೇಲಿನ ಕಚೇರಿಗೆ ಬರೆದೆ. ‘ನಿಯಮದಂತೆ ಚಿತ್ರ ಹಾಕಿ’ ಎಂಬ ಉತ್ತರ ಬಂತು. ಅದನ್ನು ಬರೆದದ್ದೂ ಯಂತ್ರವೇ. ಯಂತ್ರದ ಮೇಲೆ ದೂರು ಕೊಟ್ಟರೆ ಅದನ್ನು ಅದೇ ಯಂತ್ರ ಓದುತ್ತಿತ್ತು. ಮಾಳಪ್ಪ ಹೊಲದ ಕೂಲಿಗೆ ಹೋದರು. ಅವರ ಅಂಗಡಿಯ ಪುಟ ಒಂದು ಕಂಬಳಿಯನ್ನೂ ತೋರಿಸದೆ ಮುಚ್ಚಿತು.

ಆಮೇಲೆ ಕೊಂಡವರು ಬರೆಯುವ ಅಭಿಪ್ರಾಯಗಳನ್ನು ಯಂತ್ರ ಓದತೊಡಗಿತು. ಹುನಗುಂದದ ಒಬ್ಬ ಶಿಕ್ಷಕಿ ನೀಲವ್ವನ ಸೀರೆ ಉಟ್ಟು ಬರೆದಿದ್ದರು: ‘ಸೀರಿ ನೋಡಿ ಹುಚ್ಚ ಹಿಡೀತು, ಓಣ್ಯಾಗಿನ ಮಂದಿ ಎಲ್ಲಾ ಹೊಟ್ಟಿ ಉರಕೊಂಡ್ರು.’ ನಮ್ಮ ಕಡೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಹುಚ್ಚು, ಉರಿ ಎರಡೂ ಕಂಡದ್ದೇ ತಡ ಯಂತ್ರ ಅದನ್ನು ತೀವ್ರ ದೂರು ಎಂದು ಬರೆದುಕೊಂಡು ನೀಲವ್ವನಿಗೆ ಎಚ್ಚರಿಕೆ ಕಳಿಸಿತು. ವಿನಯ್‌ಗೆ ಓದಿ ಹೇಳಿದೆ. ಅವನು ಬಿದ್ದು ಬಿದ್ದು ನಕ್ಕು, ‘ಇದು ಆಡುಭಾಷೆ ಮೇಡಂ, ಕಲಿಯುತ್ತೆ, ಸ್ವಲ್ಪ ಟೈಮ್ ಬೇಕು’ ಎಂದ. ಎಚ್ಚರಿಕೆ ಮಾತ್ರ ನೀಲವ್ವನ ಹೆಸರಿನಲ್ಲಿ ಹಾಗೇ ಉಳಿಯಿತು. ಅದು ಕಲಿಯುವ ತನಕ ಆಗುವ ನಷ್ಟ ಯಾರ ಪಾಲಿಗೆ ಎಂದು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ. ನಗುತ್ತಿದ್ದವನ ಜೊತೆ ನಾನೂ ಸ್ವಲ್ಪ ನಕ್ಕೆ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಒಂದು ಬೇಸಿಗೆಯಲ್ಲಿ ಊರೂರು ತಿರುಗುವುದನ್ನು ನಿಲ್ಲಿಸಿ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಅಷ್ಟು ವರ್ಷ ನಾನೇ ತೆಗೆದ ಸಾವಿರಗಟ್ಟಲೆ ಫೋಟೋಗಳು ಒಂದೊಂದಾಗಿ ಪರದೆಯ ಮೇಲೆ ಬರುತ್ತಿದ್ದವು. ಸೀರೆಯ ಒಂದು ತುಣುಕನ್ನು ದೊಡ್ಡದು ಮಾಡಿ ತೋರಿಸುತ್ತಿದ್ದರು. ಕೆಳಗೆ ಎರಡೇ ಗುಂಡಿ: ‘ಸಮ’, ‘ಅಸಮ’. ಯಾವುದಾದರೂ ಒಂದನ್ನು ಒತ್ತಬೇಕು.

‘ನೀವು ನೋಡೋ ಹಾಗೆ ಯಂತ್ರ ನೋಡಬೇಕು ಮೇಡಂ. ಅದಕ್ಕೆ ನೀವೇ ಗುರು’ ಎಂದ ವಿನಯ್.

ಹೆಮ್ಮೆಯಾಯಿತು. ಸುಳ್ಳು ಹೇಳುವುದಿಲ್ಲ, ಬಹಳ ಹೆಮ್ಮೆಯಾಯಿತು. ಇಷ್ಟು ವರ್ಷದಲ್ಲಿ ನನ್ನ ವಿದ್ಯೆಗೆ ಬೆಲೆ ಕೊಟ್ಟವರು ಯಾರಿದ್ದರು?

ಎರಡನೆಯ ದಿನ ಪರದೆಯ ಮೇಲೆ ಕೊಂಡಿಯ ಸಾಲು ಬಂತು. ನನ್ನ ಕೈ ನಿಂತಿತು. ಕೈಯಿಂದ ಹಾಕಿದ ಗಂಟು ಒಂದರಂತೆ ಒಂದು ಇರುವುದಿಲ್ಲ, ಇರಬಾರದು. ವಿನಯ್‌ನನ್ನು ಕರೆದು ಕೇಳಿದೆ, ‘ಇದು ಕೊಂಡಿ. ಸಮ ಅಂತೂ ಅಲ್ಲ. ಏನ ಒತ್ತಲಿ?’

‘ಇದ್ದದ್ದನ್ನ ಇದ್ದ ಹಾಗೆ ಒತ್ತಿ ಮೇಡಂ.’

‘ಅಸಮ’ ಒತ್ತಿದೆ. ಎರಡು ತಿಂಗಳು, ಕೊಂಡಿ ಕಂಡಲ್ಲೆಲ್ಲ ‘ಅಸಮ’ ಒತ್ತಿದೆ. ಈ ‘ಅಸಮ’ವನ್ನು ಮುಂದೆ ಯಾತಕ್ಕೆ ಬಳಸುತ್ತೀರಿ ಎಂಬ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಬಾಯಿ ಇದ್ದೂ ಕೇಳಲಿಲ್ಲ. ನಿಮ್ಮ ಮುಂದೆಯೂ ನಾಳೆ ಎರಡು ಗುಂಡಿ ಇಡುತ್ತಾರೆ. ಒತ್ತುವ ಮೊದಲು ಇದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಉತ್ತರ ಬಾರದಿದ್ದರೆ ಕೈ ಹಿಂದಕ್ಕೆ ತೆಗೆದುಕೊಳ್ಳಿ. ಈ ಬರಹದಲ್ಲಿ ನಾನು ಕೊಡುವ ಬುದ್ಧಿಮಾತು ಇದೊಂದೇ.

ಒಂದು ವರ್ಷದ ನಂತರ ನೀಲವ್ವ ಫೋನ್ ಮಾಡಿದಳು.

‘ಬಾಯಾರ, ನನ್ನ ಅಂಗಡಿ ಎಲ್ಲಿ ಹೋತು? ನನ್ನ ಸೊಸಿ ಫೋನಿನ್ಯಾಗ ಮುಂಜಾನಿಯಿಂದ ಹುಡಕಾಕತ್ತಾಳ, ಒಂದ ಸೀರಿನೂ ಕಾಣವಲ್ದು.’

ನಾನೂ ಹುಡುಕಿದೆ. ‘ಇಳಕಲ್ ಸೀರೆ’ ಎಂದು ಬರೆದು ಪರದೆಯನ್ನು ಮೇಲಕ್ಕೆ ತಳ್ಳುತ್ತ ಹೋದೆ, ಹೆಬ್ಬೆರಳು ನೋಯುವವರೆಗೆ. ಸಾಲುಸಾಲಾಗಿ ಪಾವರ್‌ಲೂಮ್ ಸೀರೆಗಳು. ಒಂದೇ ಹಾಸಿನಲ್ಲಿ ನೇಯ್ದ ಸೆರಗು, ಕೊಂಡಿ ಇಲ್ಲ, ಕನ್ನಡಿಯಂತೆ ನುಣುಪು. ಪ್ರತಿಯೊಂದರ ಕೆಳಗೂ ‘ಉತ್ತಮ ಗುಣಮಟ್ಟ’ ಎಂಬ ಹಸಿರು ಗುರುತು. ನೀಲವ್ವನ ಹೆಸರನ್ನೇ ಬರೆದು ಹುಡುಕಿದಾಗ ಅವಳ ಪುಟ ಸಿಕ್ಕಿತು. ಕೆಳಗೆ ಬೂದು ಬಣ್ಣದಲ್ಲಿ ‘ಸಾಧಾರಣ’ ಎಂದಿತ್ತು.

ಮರುದಿನ ಕಚೇರಿಗೆ ಹೋಗಿ ವಿನಯ್‌ನ ಮುಂದೆ ಕೂತೆ. ಅವನು ಸ್ವಲ್ಪ ಹೊತ್ತು ಕೀಲಿಗಳನ್ನು ಒತ್ತಿ, ಯಂತ್ರ ನೀಲವ್ವನ ಸೀರೆಯನ್ನು ಹೇಗೆ ನೋಡಿದೆ ಎಂಬ ಚಿತ್ರ ತೋರಿಸಿದ. ದೋಷ ಕಂಡ ಕಡೆ ಯಂತ್ರ ಕೆಂಪು ಬಳಿಯುತ್ತದೆ. ಇಡೀ ಸೀರೆ ತಿಳಿಯಾಗಿತ್ತು. ಒಡಲೂ ಸೆರಗೂ ಕೂಡುವ ಜಾಗದಲ್ಲಿ ಮಾತ್ರ ಈ ಅಂಚಿನಿಂದ ಆ ಅಂಚಿಗೆ ಒಂದು ಕೆಂಪು ಗೆರೆ.

‘ಅದು ಕೊಂಡಿ ವಿನಯ್. ಅದಕ್ಕ ದೋಷ ಅಂತ ಯಾರು ಹೇಳಿದ್ರು?’

ಅವನು ನನ್ನ ಮುಖ ನೋಡಲಿಲ್ಲ. ‘ನೀವು ಅಸಮ ಅಂತ ಗುರುತು ಮಾಡಿದ್ರಿ ಮೇಡಂ. ಅಸಮ ಅಂದ್ರೆ ದೋಷ ಅಂತ ಬೆಂಗಳೂರಿನ ಹೆಡ್ ಆಫೀಸಿನಲ್ಲಿ ಸೇರಿಸಿದ್ದಾರೆ.’

ಕಣ್ಣು ಮುಚ್ಚಿ ಬೆರಳಿನಿಂದ ಕಲಿತದ್ದನ್ನು ನಾನೇ ದೋಷವೆಂದು ಒತ್ತಿ ಕೊಟ್ಟಿದ್ದೆ. ಯಾವ ಗುರುತಿನಿಂದ ಅಸಲಿ ಸೀರೆ ಗೊತ್ತಾಗುತ್ತದೋ ಅದೇ ಗುರುತಿನಿಂದ ಯಂತ್ರ ಅಸಲಿಯನ್ನು ಹುಡುಕಿ ಹುಡುಕಿ ಕೆಳಗೆ ತಳ್ಳುತ್ತಿತ್ತು. ನಾನು ಕಲಿಸಿದ್ದನ್ನು ಅದು ಚೆನ್ನಾಗಿ ಕಲಿತಿತ್ತು.

ತಿದ್ದಿಸಿ ಎಂದು ಹಟ ಹಿಡಿದೆ. ಮೂರು ವಾರ ಕಾಡಿದ ಮೇಲೆ ಬೆಂಗಳೂರಿನ ಅಧಿಕಾರಿಯೊಬ್ಬರ ಜೊತೆ ಪರದೆಯ ಮೇಲೆ ಮಾತಾಡಲು ಹದಿನೈದು ನಿಮಿಷ ಸಿಕ್ಕಿತು. ಎರಡು ಸೀರೆಗಳನ್ನು ಒಯ್ದು ಕ್ಯಾಮೆರಾಕ್ಕೆ ಹಿಡಿದು ಕೊಂಡಿ ತೋರಿಸಿದೆ. ಅವರು ತಾಳ್ಮೆಯಿಂದ ಕೇಳಿದರು. ಆ ತಾಳ್ಮೆ ನೆನೆದರೆ ಈಗಲೂ ಮೈ ಉರಿಯುತ್ತದೆ.

‘ನೀವು ಹೇಳೋದು ಅರ್ಥವಾಗುತ್ತೆ. ಆದ್ರೆ ಡೇಟಾ ಸುಳ್ಳು ಹೇಳಲ್ಲ. ಜನ ನುಣುಪಾದ ಸೀರೆಯನ್ನೇ ಹೆಚ್ಚು ಕೊಳ್ಳುತ್ತಿದ್ದಾರೆ.’

‘ಕೊಂಡಿ ಸೀರಿ ಅವರಿಗೆ ಕಾಣಿಸೂದ ಇಲ್ಲಲ್ರಿ. ನೀವು ಅಟ್ಟದ ಮ್ಯಾಲೆ ಮುಚ್ಚಿಟ್ಟು, ಯಾರೂ ತಗೋವಲ್ರು ಅಂದ್ರ ಹೆಂಗ?’

‘ನಿಮ್ಮ ಅಭಿಪ್ರಾಯವನ್ನು ದಾಖಲಿಸಿಕೊಳ್ಳುತ್ತೇವೆ.’

ಹದಿನೈದು ನಿಮಿಷ ಮುಗಿಯಿತು. ಪರದೆ ತಾನೇ ಆರಿತು.

ಅಂದೇ ಬಸ್ಸು ಹತ್ತಿ ಇಳಕಲ್‌ಗೆ ಹೋದೆ. ಯಂತ್ರ ಹೀಗೆ ಮಾಡಿತು, ಬೆಂಗಳೂರಿನವರು ಕೇಳಲಿಲ್ಲ ಎಂದಷ್ಟೇ ಹೇಳಿ ಬರಬಹುದಿತ್ತು. ದಾರಿಯುದ್ದಕ್ಕೂ ಹಾಗೆ ಹೇಳುವ ಮಾತುಗಳನ್ನೇ ಜೋಡಿಸಿಕೊಳ್ಳುತ್ತಿದ್ದೆ. ನೀಲವ್ವ ಮಗ್ಗದ ಕುಣಿಯಿಂದ ಎದ್ದು ಬಂದು ಎದುರು ನಿಂತಾಗ ಆ ಮಾತುಗಳು ಬರಲಿಲ್ಲ. ಇದ್ದದ್ದನ್ನು ಹೇಳಿದೆ.

ಅವಳು ಕೇಳಿಸಿಕೊಂಡಳು. ಆಮೇಲೆ ಶುರು ಮಾಡಿದಳು.

‘ಅಂದ್ರ ನೀವ? ನೀವ ಅದಕ್ಕ ಕಲಿಸೀರಿ?’

‘ಹೂಂ.’

‘ಹೊರಗಿನ ಮಂದಿ ಮಾಡಿದ್ರ ಗೊತ್ತಿಲ್ಲದ ಮಂದಿ ಅಂತ ಬಿಡತಿದ್ನಿ. ನಿಮಗ ಕೊಂಡಿ ಗೊತ್ತಿತ್ತಲ್ರಿ. ಗೊತ್ತಿದ್ದೂ ಒತ್ತೀರಿ. ನನ್ನ ಮಗ್ಗದ ಮ್ಯಾಲೆ ಕಾಲಿಟ್ಟಂಗ ಒತ್ತೀರಿ. ನಡೀರಿ. ಇನ್ನ ಈ ಹೊಸ್ತಲ ದಾಟಬ್ಯಾಡ್ರಿ.’

ಅವಳ ಗಂಡ ಒಳಗಿನಿಂದ ‘ನೀರರ ಕೊಡಲೇ ಅವರಿಗೆ’ ಎಂದದ್ದು ಕೇಳಿಸಿತು. ಅವಳು ಕೊಡಲಿಲ್ಲ, ನಾನೂ ನಿಲ್ಲಲಿಲ್ಲ.

ಆ ಓಣಿಯಲ್ಲಿ ನಾನು ಕಂಪನಿಗೆ ಸೇರಿಸಿದ ಮನೆಗಳು ಹದಿನಾಲ್ಕು. ಮುಂದಿನ ಒಂದು ವರ್ಷದಲ್ಲಿ ಆರು ಮನೆಯ ಮಗ್ಗ ನಿಂತಿತು. ಒಬ್ಬ ನೇಕಾರ ನಮ್ಮದೇ ಕಂಪನಿಯ ಗೋದಾಮಿನಲ್ಲಿ ಡಬ್ಬಿ ಕಟ್ಟುವ ಕೆಲಸಕ್ಕೆ ಸೇರಿದ. ಪಾವರ್‌ಲೂಮ್ ಸೀರೆಗಳನ್ನು ಡಬ್ಬಿಗೆ ಹಾಕುವ ಕೆಲಸ. ಅದನ್ನು ಅವನೇ ನನಗೆ ಹೇಳಿದ, ಹೇಳುವಾಗ ಅವನ ದನಿ ಏರಲೂ ಇಲ್ಲ. ನನ್ನನ್ನು ಅದೇ ಹೆಚ್ಚು ಕಾಡಿತು.

ನನ್ನ ನಿವೃತ್ತಿಗೆ ಎಂಟು ತಿಂಗಳಿದ್ದಾಗ ನೀಲವ್ವನಿಂದ ಫೋನ್ ಬಂತು. ಹತ್ತಿರ ಹತ್ತಿರ ಎರಡು ವರ್ಷ ಮಾತಾಡದವಳು.

‘ಬರ್ರಿ. ತೋರಸೂದೈತಿ’ ಎಂದು ಇಟ್ಟುಬಿಟ್ಟಳು.

ಹೋದೆ. ನೆಲದ ಮೇಲೆ ಎರಡು ಸೀರೆ ಹಾಸಿತ್ತು. ಒಂದು ಅವಳು ನೇಯ್ದದ್ದು. ಇನ್ನೊಂದನ್ನು ಹುನಗುಂದದಲ್ಲಿರುವ ಅವಳ ಬಸುರಿ ತಂಗಿಮಗಳ ಸೀಮಂತದ ಕುಬಸಕ್ಕೆಂದು ಗಂಡನ ಮನೆಯವರು ಫೋನಿನಲ್ಲಿ ತರಿಸಿದ್ದರು. ನಮ್ಮ ಕಂಪನಿ ಹೊಸದಾಗಿ ತನ್ನದೇ ಹೆಸರಿನಲ್ಲಿ ಮಾರಲು ಶುರು ಮಾಡಿದ್ದ ಸೀರೆ. ಡಬ್ಬಿಯ ಮೇಲೆ ‘ಇಳಕಲ್ ಕೈಮಗ್ಗದ ಸೊಬಗು’ ಎಂದು ಅಚ್ಚಾಗಿತ್ತು. ಹಿಂದೆ ಸ್ವಂತ ಸರಕೇ ಇಲ್ಲ ಎಂದವರು ಇವರೇ.

‘ಸೆರಗ ನೋಡ್ರಿ. ತೆನಿ ಎಣಸ್ರಿ.’

ಎಣಿಸಿದೆ. ಅವಳ ಸೆರಗಿನಲ್ಲಿ ಆರನೆಯ ತೆನೆ ಉಳಿದವುಗಳಿಗಿಂತ ಅರ್ಧ ಬೆರಳು ಗಿಡ್ಡ. ಕಂಪನಿಯ ಸೆರಗಿನಲ್ಲೂ ಆರನೆಯದು ಅರ್ಧ ಬೆರಳು ಗಿಡ್ಡ.

‘ನಮ್ಮವ್ವ ಒಮ್ಮಿ ಎಣಿಕಿ ತಪ್ಪಿ ನೇದಿದ್ಲು. ಬಾದಾಮಿಯಿಂದ ಬಂದ ಒಬ್ಬಾಕಿ ಅದ ಬೇಕಂತ ಮತ್ತ ಕೇಳಕೊಂಡ ಬಂದ್ಲು. ಅವತ್ತಿನಿಂದ ನಮ್ಮ ಮನ್ಯಾಗ ಹಂಗ ನೇಯತೀವಿ. ಇಡೀ ಇಳಕಲ್ದಾಗ ಬ್ಯಾರೆ ಯಾರೂ ಹಂಗ ನೇಯೂದಿಲ್ಲ.’ ಅವಳು ಕಂಪನಿಯ ಸೆರಗಿನ ಗಿಡ್ಡ ತೆನೆಯ ಮೇಲೆ ಬೆರಳು ಒತ್ತಿದಳು. ‘ನನ್ನ ಕೈ ಸಮ ಇಲ್ಲಂತ ಮೂಲ್ಯಾಗ ಒಗದ್ರು. ಈಗ ನಮ್ಮವ್ವನ ತಪ್ಪ ಸೈತ ಕದ್ದಾರ.’

ಕಂಪನಿಯ ಸೀರೆಯನ್ನು ತಿರುಗಿಸಿ ಹಿಂಭಾಗದಲ್ಲಿ ಬೆರಳಾಡಿಸಿದೆ. ಕೊಂಡಿ ಇರಲಿಲ್ಲ.

ಎರಡೂ ಸೀರೆಗಳನ್ನು ಕೇಳಿ ತೆಗೆದುಕೊಂಡು ವಿದ್ಯಾಗಿರಿಗೆ ಹೋಗಿ ವಿನಯ್‌ನ ಮೇಜಿನ ಮೇಲೆ ಹಾಸಿದೆ. ಅವನು ತೆನೆ ಎಣಿಸಿದ. ಎರಡು ಸಲ ಎಣಿಸಿದ. ಆಮೇಲೆ ಬಾಗಿಲು ಹಾಕಿ ಬಂದು ಹೇಳಿದ. ಯಾವ ಊರಿನವರು ಯಾವ ಬಣ್ಣ ಕೊಳ್ಳುತ್ತಾರೆ, ಯಾವ ಸೆರಗಿನ ಮೇಲೆ ಎಷ್ಟು ಹೊತ್ತು ಕಣ್ಣು ನಿಲ್ಲಿಸುತ್ತಾರೆ ಎಂಬ ಲೆಕ್ಕವೆಲ್ಲ ಯಂತ್ರದ ಬಳಿ ಇದೆ. ಆ ಲೆಕ್ಕದಿಂದ ಅದು ಹೆಚ್ಚು ಮೆಚ್ಚುಗೆಯ ಸೆರಗುಗಳನ್ನು ಆರಿಸಿ, ನಮ್ಮ ಹಳೆಯ ಫೋಟೋಗಳಿಂದ ಹೊಸ ವಿನ್ಯಾಸ ಬರೆದು ಕೊಡುತ್ತದೆ. ಅದು ಬೇರೆ ರಾಜ್ಯದ ಒಂದು ಪಾವರ್‌ಲೂಮ್ ಕಾರ್ಖಾನೆಗೆ ಹೋಗುತ್ತದೆ. ನಡುವೆ ಯಾರೂ ತೆನೆ ಎಣಿಸುವುದಿಲ್ಲ.

‘ಯಾರನ್ನ ಕೇಳಿ ತಗೊಂಡ್ರಿ?’

‘ಸೇರುವಾಗ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದ್ದಾರಲ್ಲ ಮೇಡಂ.’

ಆ ಪತ್ರ ಇಂಗ್ಲಿಷಿನಲ್ಲಿತ್ತು. ನೀಲವ್ವನ ಬೆರಳು ಹಿಡಿದು ಇಲ್ಲಿ ಒತ್ತು ಎಂದು ಜಾಗ ತೋರಿಸಿದವಳು ನಾನು. ಆ ಪತ್ರದ ಐದನೆಯ ಪುಟವನ್ನು ನಾನೂ ಓದಿರಲಿಲ್ಲ.

ಅಂದಿನಿಂದ ಕಂಪ್ಯೂಟರಿನ ಮುಂದೆ ಕೂರಲು ನಿರಾಕರಿಸಿದೆ. ರಜೆ ಹಾಕಿ ಇಳಕಲ್‌ನ ಹದಿನಾಲ್ಕು ಮನೆಗಳಿಗೂ, ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುವ ಮನೆಗಳಿಗೂ ಹೋದೆ. ಪ್ರತಿ ಮನೆಯಲ್ಲೂ ಅದೇ ಮೂರು ಮಾತು: ನಿಮ್ಮ ಫೋಟೋಗಳಿಂದ ಇದಾಗಿದೆ, ತೆಗೆದವಳು ನಾನು, ನಿಮಗೆ ಹೇಳದೆ ಆಗಿದೆ. ಕೆಲವರು ಬೈದರು. ಒಬ್ಬಾಕೆ ಚಹಾ ಕೊಟ್ಟು ಬೈದಳು. ಕಂಪನಿಯಿಂದ ‘ಶಿಸ್ತುಭಂಗ’ ಎಂಬ ನೋಟಿಸ್ ಬಂತು. ವಿನಯ್ ಅದನ್ನು ಕೊಡುವಾಗ ತಲೆ ತಗ್ಗಿಸಿದ್ದ.

‘ಇನ್ನು ಕೆಲವೇ ತಿಂಗಳು ಮೇಡಂ. ಸುಮ್ಮನಿದ್ದುಬಿಡಿ. ನಿಮಗ್ಯಾಕೆ?’

‘ನನಗ್ಯಾಕ ಅಂತ ಎರಡ ತಿಂಗಳ ಸುಮ್ಮನ ಕುಂತ ಒತ್ತೀನಿ ವಿನಯ್. ಸಾಕಾಗೈತಿ.’

ನೀಲವ್ವ ಮತ್ತು ಅವಳ ಓಣಿಯ ಐದು ಹೆಂಗಸರು ಕೂಡಿ ಕೈಮಗ್ಗ ಇಲಾಖೆಗೆ ದೂರು ಬರೆಸಿದರು. ಸಾಕ್ಷಿ ಹೇಳುತ್ತೀಯಾ ಎಂದು ನನ್ನನ್ನು ಯಾರೂ ಕೇಳಲಿಲ್ಲ, ನಾನೇ ಹೋಗಿ ಹೆಸರು ಬರೆಸಿದೆ. ವಿಚಾರಣೆ ಬಾಗಲಕೋಟೆಯಲ್ಲಿ ಇಲಾಖೆಯ ಒಬ್ಬ ಅಧಿಕಾರಿಯ ಮುಂದೆ ನಡೆಯಿತು. ಮೊದಲ ಎರಡು ಸಲ ಕಂಪನಿಯವರು ಬರಲೇ ಇಲ್ಲ. ಮೂರನೆಯ ಸಲ ಅವರ ವಕೀಲರು ಬಂದರು. ಅಷ್ಟರಲ್ಲಿ ನಾನು ನಿವೃತ್ತಳಾಗಿದ್ದೆ.

‘ಹನ್ನೊಂದು ವರ್ಷ ಈ ಕಂಪನಿಯ ಅನ್ನ ತಿಂದಿದ್ದೀರಿ. ಈಗ ಅದರ ವಿರುದ್ಧ ಹೇಳಲು ಬಂದಿದ್ದೀರಲ್ಲವೇ?’ ಎಂದು ವಕೀಲರು ಕೇಳಿದರು.

‘ತಿಂದೀನ್ರಿ. ಏನ ಕೆಲಸ ಮಾಡಿ ತಿಂದೆ ಅನ್ನೂದನ್ನ ಹೇಳಾಕ ಬಂದೀನಿ’ ಎಂದೆ. ಫೋಟೋ ತೆಗೆದದ್ದು, ಗುಂಡಿ ಒತ್ತಿದ್ದು, ಬೆರಳು ಹಿಡಿದು ಸಹಿ ಮಾಡಿಸಿದ್ದು, ಒಂದನ್ನೂ ಬಿಡದೆ ಹೇಳಿದೆ. ನನ್ನ ತಪ್ಪಿನ ಭಾಗವನ್ನು ವಕೀಲರು ಉತ್ಸಾಹದಿಂದ ಬರೆದುಕೊಂಡರು.

ಅಧಿಕಾರಿ ಎರಡೂ ಸೀರೆಗಳನ್ನು ಮೇಜಿನ ಮೇಲೆ ಹಾಸಿಸಿದರು. ಯಾವುದು ಯಾರದೆಂದು ಗುರುತು ಸಿಗದಂತೆ ಡಬ್ಬಿಯನ್ನು ಪಕ್ಕಕ್ಕೆ ತೆಗೆಸಿದರು. ಆಮೇಲೆ ವಕೀಲರ ಕಡೆ ತಿರುಗಿ, ‘ಇವೆರಡರಲ್ಲಿ ಕೈಮಗ್ಗದ ಸೀರೆ ಯಾವುದು, ನೀವೇ ತೋರಿಸಿ’ ಎಂದರು.

ವಕೀಲರು ಎರಡನ್ನೂ ನೋಡಿದರು. ನುಣುಪಾಗಿ, ಕಣ್ಣಿಗೆ ಒಪ್ಪವಾಗಿ ಕಂಡದ್ದರ ಮೇಲೆ ಕೈಯಿಟ್ಟು, ‘ಇದು. ಗುಣಮಟ್ಟ ನೋಡಿದರೆ ತಿಳಿಯುತ್ತದೆ’ ಎಂದರು.

ಅದು ಪಾವರ್‌ಲೂಮಿನದು. ಹಿಂದೆ ಕೂತ ಹೆಂಗಸರು ಗೊಳ್ಳೆಂದು ನಕ್ಕರು. ನೀಲವ್ವ ನಗಲಿಲ್ಲ. ಎದ್ದು ನಿಂತು, ‘ನೋಡ್ರಿ ಸಾಹೇಬ್ರ, ಕೋಟ ಹಾಕಿದ ಮನುಷ್ಯಾಗ ಸೈತ ಯಂತ್ರದ ಕಣ್ಣ ಬಂದೈತಿ’ ಎಂದಳು. ಅಧಿಕಾರಿ ಅವಳಿಗೆ ಕೂರಲು ಹೇಳಿದರು, ಆದರೆ ಮಾತನ್ನು ತಡೆಯಲಿಲ್ಲ.

ಅದೇ ದಿನ ಸಂಜೆಯೊಳಗೆ ಆದೇಶ ಓದಿದರು. ಆ ಸೀರೆಯನ್ನು ಕೈಮಗ್ಗದ್ದು ಎಂದು ಮಾರುವಂತಿಲ್ಲ. ಆ ಸೆರಗಿನ ವಿನ್ಯಾಸವನ್ನು ಅಂಗಡಿಯಿಂದ ತೆಗೆಯಬೇಕು. ಪಾವರ್‌ಲೂಮ್ ಎಂದು ಪ್ರತಿ ಡಬ್ಬಿಯ ಮೇಲೂ ಬರೆಯಬೇಕು. ಇಷ್ಟು ಸಿಕ್ಕಿತು. ಯಂತ್ರ ಯಾವ ಸೀರೆಯನ್ನು ಮೇಲೆ ತೋರಿಸುತ್ತದೆ, ಯಾವುದನ್ನು ಕೆಳಗೆ ತಳ್ಳುತ್ತದೆ ಎಂಬುದು ಕಂಪನಿಯ ಒಳಗಿನ ವಿಷಯ, ಈ ವಿಚಾರಣೆಯ ವ್ಯಾಪ್ತಿಗೆ ಬರುವುದಿಲ್ಲ ಎಂದರು. ನೀಲವ್ವನ ಹೆಸರಿನ ಕೆಳಗಿನ ‘ಸಾಧಾರಣ’ ಇಂದಿಗೂ ಅಳಿಸಿಲ್ಲ. ನಿಂತ ಆರು ಮಗ್ಗಗಳು ನಿಂತೇ ಇವೆ. ನೀಲವ್ವ ಈಗ ಹುನಗುಂದದ ಒಂದು ಸಣ್ಣ ಅಂಗಡಿಗೂ, ಕೇಳಿಕೊಂಡು ಮನೆಗೇ ಬರುವವರಿಗೂ ನೇಯುತ್ತಾಳೆ. ಆ ಯಂತ್ರ ಮಾತ್ರ ಬೇರೆ ಬೇರೆ ಜಿಲ್ಲೆಗಳ ಬೇರೆ ಬೇರೆ ಸೀರೆಗಳನ್ನು ನಾನು ಕಲಿಸಿದ ಕಣ್ಣಿನಿಂದಲೇ ನೋಡುತ್ತಿದೆ. ಇದನ್ನು ನೆನೆದಾಗ ನನ್ನ ಮೇಲೆ ಬರುವ ಸಿಟ್ಟಿಗೂ ಅವರ ಮೇಲೆ ಬರುವ ಸಿಟ್ಟಿಗೂ ನಡುವೆ ಗೆರೆ ಎಳೆಯಲು ಆಗುವುದಿಲ್ಲ.

ಆದೇಶ ಕೇಳಿ ಹೊರಬಂದು ಬಸ್‌ಸ್ಟ್ಯಾಂಡಿಗೆ ನಡೆದೆವು. ಹೆಂಗಸರೆಲ್ಲ ಮುಂದೆ, ನಾನು ನಾಲ್ಕು ಹೆಜ್ಜೆ ಹಿಂದೆ. ನನ್ನ ಮನೆ ಬಾಗಲಕೋಟೆಯಲ್ಲೇ, ಬಸ್ಸಿನ ಅಗತ್ಯವಿರಲಿಲ್ಲ. ಆದರೂ ಹೋದೆ. ಉಳಿದವರು ಕಬ್ಬಿನಹಾಲು ಕುಡಿಯಲು ನಿಂತರು. ನೀಲವ್ವ ಸೀರೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಲುಬೆಂಚಿನ ಮೇಲೆ ಕೂತಳು. ನಾನು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ.

‘ನನ್ನ ಸಿಟ್ಟ ಇಳದಿಲ್ರಿ ಬಾಯಾರ’ ಎಂದಳು, ನನ್ನ ಕಡೆ ನೋಡದೆ. ‘ಇವತ್ತ ಖರೆ ಹೇಳಿದ್ರಿ ಅಂತ ಇಳೀತೈತಿ ಅನಕೋಬ್ಯಾಡ್ರಿ.’

‘ಇಳೀಲಿ ಅಂತ ಹೇಳಿಲ್ಲ’ ಎಂದೆ.

ಇಳಕಲ್ ಬಸ್ಸು ಬಂತು. ಜನ ಬಾಗಿಲಿಗೆ ಮುಗಿಬಿದ್ದರು. ಅವಳು ಎದ್ದಳು, ಗಂಟನ್ನು ನೋಡಿದಳು, ಗದ್ದಲವನ್ನು ನೋಡಿದಳು. ಆಮೇಲೆ ಗಂಟನ್ನು ನನ್ನ ಕೈಗೆ ಕೊಟ್ಟು, ‘ಹಿಡೀರಿ. ನಾ ಒಳಗ ಹೋಗಿ ಕಿಡಕ್ಯಾಗಿಂದ ಇಸಗೋತೇನಿ. ಕೆಳಗ ಇಟ್ಟೀರಿ ಮತ್ತ’ ಎಂದು ಸೆರಗು ಸಿಕ್ಕಿಸಿಕೊಂಡು ಜನರ ನಡುವೆ ನುಗ್ಗಿದಳು.

ಅವಳ ಕೈ ಕಿಟಕಿಯಲ್ಲಿ ಕಾಣುವವರೆಗೂ ಆ ಗಂಟನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದು ನಿಂತಿದ್ದೆ.